ಎಡಿಸ್ಟೊ ದಂಡೆಯ ಬಾಣಲೆ

ಕುರ್ಚಿ ಎಳೆದು ಕೂತಿದ್ದೆವು ಅಷ್ಟೆ, ಮೆನು ಕಾರ್ಡು ಇನ್ನೂ ಕೈಗೆ ಬಂದಿರಲಿಲ್ಲ, ಬುಟ್ಟಿ ಬಂದೇಬಿಟ್ಟಿತು. ಕೆಂಪು ಪ್ಲಾಸ್ಟಿಕ್ ಬುಟ್ಟಿ, ಒಳಗೆ ಹಾಸಿದ ಕಾಗದ, ಅದರ ಮೇಲೆ ಆಗಷ್ಟೇ ಎಣ್ಣೆಯಿಂದ ಎತ್ತಿದ ಕಂದು ಉಂಡೆಗಳ ರಾಶಿ. ಉಂಡೆ ಎಂದೆನಾದರೂ ಒಂದೂ ಸರಿಯಾಗಿ ದುಂಡಗಿರಲಿಲ್ಲ. ಒಂದಕ್ಕೆ ಬಾಲ, ಇನ್ನೊಂದಕ್ಕೆ ಕೊಂಬು, ಮತ್ತೊಂದು ನಡು ಮುರಿದ ಡೊಂಕು. "ತಗೋ, ಇದೇ ಹಷ್ ಪಪ್ಪಿ. ಬಿಸಿ ಇದ್ದಾಗ್ಲೇ ತಿನ್ಬೇಕು, ತಣ್ಣಗಾದ್ರೆ ಕಲ್ಲು" ಎಂದರು ಭಾವ. ತಾವು ಮಾತ್ರ ಮುಟ್ಟಲಿಲ್ಲ. ಮೊದಲು ಬಡಿಸುವ ಹುಡುಗಿಯನ್ನು ಕರೆದು, ಇದನ್ನು ಯಾವ ಎಣ್ಣೆಯಲ್ಲಿ ಕರಿದದ್ದು, ಅದೇ ಎಣ್ಣೆಯಲ್ಲಿ ಮೀನು, ಮಾಂಸ ಏನಾದರೂ ಕರಿಯುತ್ತೀರಾ ಎಂದು ವಿಚಾರಿಸಿದರು. ಅವರದು ದಾವಣಗೆರೆ ಕಡೆಯ ಸಸ್ಯಾಹಾರಿ ಮನೆತನ. ನಾನು ಕುಂದಾಪುರದ ಮೀನು ತಿಂದು ಬೆಳೆದವನು. ಉತ್ತರ ಬರುವುದರೊಳಗೆ ನನ್ನ ಬಾಯಲ್ಲಿ ಎರಡು ಕರಗಿದ್ದವು.

ಹಲ್ಲಿಗೆ ಮೊದಲು ಸಿಗುವುದು ಹೊರಗಿನ ಸಿಪ್ಪೆ. ಅದು ಗರಿಗರಿ ಮಾತ್ರವಲ್ಲ, ಒರಟು. ಮೆಕ್ಕೆಜೋಳದ ಹಿಟ್ಟಿನ ಒಂದೊಂದು ಕಣವೂ ಬೇರೆಬೇರೆಯಾಗಿ ಹುರಿದು ನಿಂತಿರುತ್ತದೆ. ಮುರಿದರೆ ಒಳಗಿನಿಂದ ಹಬೆ ಬುಸ್ಸೆಂದು ಎದ್ದು ಈರುಳ್ಳಿಯ ಸಿಹಿ ಘಾಟು, ಮಜ್ಜಿಗೆಯ ಸಣ್ಣ ಹುಳಿ ಮೂಗಿಗೆ ಬಡಿಯುತ್ತದೆ. ನನ್ನ ನಾಲಿಗೆ ತಟ್ಟನೆ ನೆನೆಸಿಕೊಂಡದ್ದು ನಮ್ಮ ಗೋಳಿಬಜೆಯನ್ನು. ಅದೇ ಮಜ್ಜಿಗೆ, ಅದೇ ಸೋಡಾ, ಅದೇ ಕಾದ ಎಣ್ಣೆ. ಆದರೆ ಗೋಳಿಬಜೆಯನ್ನು ಎಳೆದರೆ ಮೈದಾ ಹಿಗ್ಗುತ್ತದೆ, ಇದು ಹಿಗ್ಗುವುದಿಲ್ಲ, ಉದುರುತ್ತದೆ. ಜೋಳಕ್ಕೆ ಗೋಧಿಯ ಜಿಗುಟು ಇಲ್ಲ. ಒಂದು ಮೊಟ್ಟೆ, ಒಂದು ಹಿಡಿ ಗೋಧಿ ಹಿಟ್ಟು ಸೇರಿಸಿ ಹೇಗೋ ಹಿಡಿದು ನಿಲ್ಲಿಸಿರುತ್ತಾರೆ.

ಇದು ಉತ್ತರ ಕೆರೊಲೈನಾದ ಲೆಕ್ಸಿಂಗ್ಟನ್. ಅಕ್ಕ-ಭಾವ ಇರುವ ಕ್ಯಾರಿ ನಗರದಿಂದ ಎರಡು ಗಂಟೆಯೊಳಗಿನ ದಾರಿ. ಕ್ಯಾರಿ ಎಂದರೆ ಭಾರತೀಯರೇ ಓಣಿ ಓಣಿ ತುಂಬಿಕೊಂಡ ಊರು. ಅಲ್ಲಿನ ವೆಂಕಟೇಶ್ವರ ದೇವಸ್ಥಾನಕ್ಕೆ 2022ರಲ್ಲಿ 87 ಅಡಿಯ ಗೋಪುರ ಕಟ್ಟಿ, ರಾಜ್ಯದ ಗವರ್ನರನ್ನೇ ಕರೆಸಿದ್ದರು. ಅಲ್ಲಿಂದ ಪಡುವಣಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ಬೇರೆ ಅಮೆರಿಕ ಶುರುವಾಗುತ್ತದೆ. ಇಟ್ಟಿಗೆಯ ಚರ್ಚುಗಳು, ಮುಚ್ಚಿದ ಬಟ್ಟೆ ಗಿರಣಿ, ಪೀಠೋಪಕರಣದ ಹಳೆ ಕಾರ್ಖಾನೆ. ಲೆಕ್ಸಿಂಗ್ಟನ್ನಿನಲ್ಲಿ ಜನ ಸುಮಾರು 20 ಸಾವಿರ. ಆದರೆ ಬೆಳಗಿನ ಹೊತ್ತು ಆ ಊರಿನ ಮೇಲೆ ಹಿಕರಿ ಸೌದೆಯ ಹೊಗೆ ಕವಿದಿರುತ್ತದೆ. ಇಟ್ಟಿಗೆಯ ಒಲೆಗಳಲ್ಲಿ ಸೌದೆ ಉರಿಸಿ, ಕೆಂಡವನ್ನು ಸಲಿಕೆಯಲ್ಲಿ ಹೊತ್ತು ಹರಡಿ, ಅದರ ಮೇಲೆ ಹಂದಿಯ ಭುಜದ ಮಾಂಸವನ್ನು ದಿನವಿಡೀ ಬೇಯಿಸುವ ಊರಿದು. 1919ರಲ್ಲಿ ನ್ಯಾಯಾಲಯದೆದುರು ಸಿಡ್ ವೀವರ್ ಎಂಬಾತ ಡೇರೆ ಹಾಕಿ ಬಾರ್ಬೆಕ್ಯೂ ಮಾರಲು ತೊಡಗಿದ. ಕೋರ್ಟಿಗೆ ಅಲೆಯುವವರಿಗೆ ಹಸಿವು ಎಲ್ಲ ಕಾಲಕ್ಕೂ ಒಂದೇ ತಾನೆ. ಪಕ್ಕದಲ್ಲಿ ಜೆಸ್ ಸ್ವೈಸ್‌ಗುಡ್ ಇನ್ನೊಂದು ಡೇರೆ ಹಾಕಿದ. ಈಗ ಪ್ರತಿ ಅಕ್ಟೋಬರಿನಲ್ಲಿ ಇಡೀ ಪೇಟೆಬೀದಿ ಮುಚ್ಚಿ ಬಾರ್ಬೆಕ್ಯೂ ಜಾತ್ರೆ ಮಾಡುತ್ತಾರೆ, 1984ರಿಂದ.

ಸೋಜಿಗವೆಂದರೆ ಆ ಡೇರೆಗಳ ಕಾಲದಲ್ಲಿ ತಟ್ಟೆಯಲ್ಲಿ ಹಷ್ ಪಪ್ಪಿ ಇರಲಿಲ್ಲ. ಅಂಗಡಿಯ ಬಿಳಿ ಬ್ರೆಡ್ಡು ಇರುತ್ತಿತ್ತು. ಇವರಿಬ್ಬರ ಕೈಕೆಳಗೆ ಕೆಲಸ ಕಲಿತ ವಾರ್ನರ್ ಸ್ಟೇಮಿ ಎಂಬ ಹುಡುಗ ಮುಂದೆ ಗ್ರೀನ್ಸ್‌ಬರೊದಲ್ಲಿ ತನ್ನದೇ ಅಂಗಡಿ ಇಟ್ಟು, 1950ರ ದಶಕದಲ್ಲಿ ಮೀನಿನ ಹೋಟೆಲುಗಳ ಈ ಕರಿದ ತಿಂಡಿಯನ್ನು ತಂದು ಬಾರ್ಬೆಕ್ಯೂ ಪಕ್ಕಕ್ಕೆ ಕೂರಿಸಿದ. ಹಂದಿ ಮಾಂಸ, ವಿನಿಗರ್ ಬೆರೆತ ಎಲೆಕೋಸಿನ ಕೆಂಪನೆ ಪಲ್ಯದಂಥ ಸ್ಲಾ, ಹಷ್ ಪಪ್ಪಿ ಈ ಮೂರೂ ಅನಾದಿಯಿಂದ ಒಂದೇ ತಟ್ಟೆಯಲ್ಲಿದ್ದವೆಂದು ಊರಿನವರು ಪ್ರಮಾಣ ಮಾಡಿ ಹೇಳುತ್ತಾರೆ. ನಮ್ಮ ಮಸಾಲೆ ದೋಸೆಯ ಬಗ್ಗೆ ನಾವು ಹೇಳುವುದಿಲ್ಲವೆ? ಇದೇ ರಾಜ್ಯದ ಪೂರ್ವದಲ್ಲಿ, ಏಡನ್ ಊರಿನ ಸ್ಕೈಲೈಟ್ ಇನ್ ಎಂಬ ಹೆಸರಾಂತ ಅಂಗಡಿಯಲ್ಲಿ ಇಂದಿಗೂ ಇಡೀ ಹಂದಿ ಸುಟ್ಟು, ಜೊತೆಗೆ ಚಪ್ಪಟೆಯಾದ ಗಟ್ಟಿ ಮೆಕ್ಕೆಜೋಳದ ರೊಟ್ಟಿಯ ತುಂಡನ್ನೇ ಕೊಡುತ್ತಾರೆ.

ಭಾವನಿಗೆ ಉತ್ತರ ಸಿಕ್ಕಿತು: ಬರೀ ಆಲೂಗಡ್ಡೆ ಮತ್ತು ಹಷ್ ಪಪ್ಪಿಗೇ ಮೀಸಲಾದ ಬಾಣಲೆ. ಆಮೇಲೆ ಅವರು ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡವರು ಬಿಡಲೇ ಇಲ್ಲ. ಜೊತೆಗೆ ಚೆರಿಹಣ್ಣಿನ ರುಚಿಯ, ಕಡುಗೆಂಪು ಬಣ್ಣದ ಚಿಯರ್‌ವೈನ್ ಎಂಬ ಸೋಡಾ. ಪಕ್ಕದ ಸಾಲ್ಸ್‌ಬರಿಯಲ್ಲಿ 1917ರಲ್ಲಿ ಹುಟ್ಟಿದ್ದು. ಹೆಸರಿನಲ್ಲಿ ವೈನ್ ಇದ್ದರೂ ಒಳಗಿಲ್ಲ.

ಅಲ್ಲಿಂದ ಆಗ್ನೇಯಕ್ಕೆ, ಸಮುದ್ರದ ಕಡೆ ಹೊರಟೆವು. ಎರಡು ಕೆರೊಲೈನಾಗಳ ಗಡಿಯ ಮೇಲೆ ಕ್ಯಾಲಬಾಶ್ ಎಂಬ ಪುಟ್ಟ ಮೀನುಗಾರರ ಊರಿದೆ. ತನ್ನನ್ನು ತಾನೇ ಜಗತ್ತಿನ ಸೀಫುಡ್ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. 1940ರ ಸುಮಾರಿಗೆ ಹೊಳೆಯಂಚಿನಲ್ಲಿ ದೋಣಿಯಿಂದ ಇಳಿದ ಸಿಗಡಿ, ಮೀನನ್ನು ತೆಳ್ಳಗೆ ಹಿಟ್ಟು ಸವರಿ ಕರಿದು ಬಡಿಸಲು ಶುರುಮಾಡಿದ ಒಂದೆರಡು ಕುಟುಂಬಗಳಿಂದ ಬೆಳೆದ ಕೀರ್ತಿ ಅದು. ಸಿಗಡಿ ಚೆನ್ನಾಗಿತ್ತು. ಹಷ್ ಪಪ್ಪಿಗೆ ಸಕ್ಕರೆ ಜಾಸ್ತಿ, ಅದರ ಮೇಲೆ ಜೇನು ಬೆರೆಸಿದ ಬೆಣ್ಣೆ ಬೇರೆ. ಈ ಸಕ್ಕರೆಯ ವಿಷಯಕ್ಕೆ ದಕ್ಷಿಣದವರು ಜಗಳಕ್ಕೇ ನಿಲ್ಲುತ್ತಾರೆ, ನಾವು ಸಾಂಬಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂದು ನಿಲ್ಲುವಂತೆ. ನನ್ನ ಓಟು ಸಕ್ಕರೆಯಿಲ್ಲದವರಿಗೆ. ಕ್ಯಾಲಬಾಶ್ ಪ್ರವಾಸಿಗರ ಊರು. ಅದರ ಬಗ್ಗೆ ಇಷ್ಟು ಸಾಕು.

ಈ ದಾರಿಯುದ್ದಕ್ಕೂ ಮೆನು ಕಾರ್ಡಿನ ಹಿಂಬದಿಯಲ್ಲಿ, ಗೋಡೆಯ ಹಲಗೆಯ ಮೇಲೆ, ಕಾಗದದ ಟೇಬಲ್ ಹಾಸಿನ ಮೇಲೆ ಒಂದೇ ಕತೆ ಎದುರಾಗುತ್ತಿತ್ತು, ಪಾತ್ರಗಳು ಮಾತ್ರ ಬದಲಾಗುತ್ತಿದ್ದವು. ಮೀನು ಕರಿಯುವಾಗ ನಾಯಿಗಳು ಬೊಗಳುತ್ತಿದ್ದವಂತೆ, ಅಡಿಗೆಯವರು ಉಳಿದ ಹಿಟ್ಟನ್ನು ಎಣ್ಣೆಗೆ ಬಿಟ್ಟು, ಬೆಂದದ್ದನ್ನು ಎಸೆದು "ಸುಮ್ಮನಿರೋ ಮರಿ" ಎಂದರಂತೆ. ಒಂದು ಕಡೆ ಬೇಟೆಗಾರರ ನಾಯಿ. ಇನ್ನೊಂದು ಕಡೆ ಅಂತರ್ಯುದ್ಧದ ಸಿಪಾಯಿಗಳ ಶಿಬಿರದ ನಾಯಿ. ಮತ್ತೊಂದು ಕಡೆ ತೋಟದ ದೊಡ್ಡಮನೆಯ ನಾಯಿ. ನಾಯಿ ಮಾತ್ರ ತಪ್ಪುವುದಿಲ್ಲ. ಈ ಕತೆಗಳಲ್ಲಿ ಒಂದಕ್ಕೂ ಆ ಕಾಲದ ದಾಖಲೆಯಿಲ್ಲ. ಆದರೂ ಕತೆ ಎಷ್ಟು ಗಟ್ಟಿಯೆಂದರೆ, 1958ರಲ್ಲಿ ಮಿಷಿಗನ್ನಿನ ವುಲ್ವರಿನ್ ಕಂಪನಿ ಮೆತ್ತನೆಯ ಚರ್ಮದ ಹೊಸ ಚಪ್ಪಲಿ-ಬೂಟು ತಂದಾಗ, ಟೆನೆಸಿಯಲ್ಲಿ ಈ ತಿಂಡಿ ತಿಂದು ಬಂದಿದ್ದ ಅದರ ಮಾರಾಟ ವ್ಯವಸ್ಥಾಪಕ ಜಿಮ್ ಮ್ಯೂರ್ ಅದೇ ಹೆಸರನ್ನು ಬೂಟಿಗೆ ಸೂಚಿಸಿದ. ನೊಂದ ಪಾದವನ್ನು ಅಲ್ಲಿನ ಆಡುಮಾತಿನಲ್ಲಿ ಬೊಗಳುವ ನಾಯಿ ಎನ್ನುವುದುಂಟು. ನಮ್ಮೂರಿನ ಬಾಟಾ ಅಂಗಡಿಯಲ್ಲಿ ಜೋಲುಕಿವಿಯ ನಾಯಿಯ ಚಿತ್ರವಿಟ್ಟು ಮಾರುವ ಆ ದುಬಾರಿ ಬೂಟುಗಳ ಬೇರು ಒಂದು ಬಾಣಲೆಯಲ್ಲಿದೆ ಎಂದು ಯಾರು ಊಹಿಸಿಯಾರು!

ನಾಯಿಯನ್ನು ಬಿಟ್ಟು ಮನುಷ್ಯನನ್ನು ಹುಡುಕಿದವರು ಚಾರ್ಲ್ಸ್‌ಟನ್ನಿನ ಆಹಾರ ಇತಿಹಾಸ ಲೇಖಕ ರಾಬರ್ಟ್ ಮಾಸ್. ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಜಾಲಾಡಿ ಅವರು ತಲುಪಿದ್ದು ದಕ್ಷಿಣ ಕೆರೊಲೈನಾದ ಎಡಿಸ್ಟೊ ನದಿಯ ದಂಡೆಗೆ, ರೋಮಿಯೊ ಗೋವನ್ ಎಂಬ ಕಪ್ಪು ಜನಾಂಗದ ಅಡಿಗೆಯವನ ಬಳಿಗೆ. ಅದನ್ನು ಓದಿದಂದಿನಿಂದ ಆ ಹೊಳೆ ನೋಡಬೇಕೆಂಬ ಹಟ ನನಗೆ. "ಒಂದು ಬಜ್ಜಿ ಹುಟ್ಟಿದ ಜಾಗ ನೋಡೋಕೆ ಇಷ್ಟು ದೂರ ಡ್ರೈವ್ ಮಾಡ್ಬೇಕಾ ಮಾರಾಯ?" ಎಂದರು ಭಾವ. "ನೀವು ಬರ್ದಿದ್ರೆ ಬಸ್ಸಲ್ಲಾದ್ರೂ ಹೋಗ್ತೇನೆ ಭಾವ" ಎಂದೆ. ಆ ಕಡೆ ಬಸ್ಸೇ ಇಲ್ಲವೆಂದು ನಗುತ್ತ ಕಾರಿನ ಕೀಲಿ ತೆಗೆದುಕೊಂಡರು.

ಕರಾವಳಿ ಬಿಟ್ಟು ಒಳನಾಡಿಗೆ ಹೊರಳಿದರೆ ಪೈನ್ ಮರಗಳ ಗೋಡೆ ಶುರು. ಅದು ಮುಗಿದರೆ ಹತ್ತಿ ಹೊಲ, ಅದು ಮುಗಿದರೆ ಕಡಲೆಕಾಯಿ, ಮತ್ತೆ ಪೈನ್. ಗುಡ್ಡ ಎಂಬುದೇ ಇಲ್ಲ. ಘಟ್ಟದ ಬುಡದಲ್ಲಿ ಬೆಳೆದ ನನ್ನ ಕಣ್ಣು ಆಸರೆಗೆ ಏನೂ ಸಿಗದೆ ದಿಗಂತದವರೆಗೆ ಹೋಗಿ ಬರುತ್ತಿತ್ತು. ಬ್ಯಾಂಬರ್ಗ್ ಎಂಬ ಸಣ್ಣ ಊರು. ರೈಲು ಹಳಿ, ಅದರ ಪಕ್ಕ ಹಳೆಯ ಅಂಗಡಿ ಸಾಲು, ಅರ್ಧಕ್ಕರ್ಧ ಮುಚ್ಚಿದವು. ಈ ಊರಿಗೆ ನಮ್ಮ ಕಡೆಯ ಒಂದು ನಂಟಿದೆ: ಪಂಜಾಬಿನಿಂದ ಬಂದು ಇಲ್ಲಿ ನೆಲೆಸಿದ ಸಿಖ್ ದಂಪತಿಗೆ 1972ರಲ್ಲಿ ಹುಟ್ಟಿದ ಮಗಳು ನಿಕ್ಕಿ ಹೇಲಿ. 2011ರಲ್ಲಿ ಇದೇ ರಾಜ್ಯದ ಗವರ್ನರ್ ಆದವಳು. ಗುಲಾಮರನ್ನು ದುಡಿಸಿ ಹತ್ತಿ ಬೆಳೆದ ನೆಲದ ಊರಲ್ಲಿ ಪೇಟ ತೊಟ್ಟ ಮೇಷ್ಟರಾದ ಆಕೆಯ ಅಪ್ಪನ ಮನೆ ಹೇಗೆ ಬಾಳಿತೋ ಎಂದು ಯೋಚಿಸುತ್ತಲೇ ಊರು ದಾಟಿದೆವು.

ಆಮೇಲೆ ಹೊಳೆ.

ನಾನು ಸೇತುವೆಯ ಬದಿಯಲ್ಲಿ ಇಳಿದವನು ಸುಮ್ಮನೆ ನಿಂತೆ. ನೀರು ಕಪ್ಪು. ಕೊಳಕಲ್ಲ, ಕೊಳೆ ವಾಸನೆಯಿಲ್ಲ. ಬೊಗಸೆಯಲ್ಲಿ ಎತ್ತಿದರೆ ತಿಳಿ, ತುಸು ಹೊಂಬಣ್ಣ. ಆಳದಲ್ಲಿ ನೋಡಿದರೆ ಕಡುಕಂದು, ಇನ್ನೂ ಆಳದಲ್ಲಿ ಇದ್ದಲು. ದಂಡೆಯ ಜೌಗು ಕಾಡಿನಲ್ಲಿ ಕೊಳೆಯುವ ಎಲೆ, ತೊಗಟೆಗಳ ಟ್ಯಾನಿನ್ ನೀರಿಗಿಳಿದು ಆದ ಬಣ್ಣ ಇದು. ಸುಮಾರು 400 ಕಿಲೋಮೀಟರ್ ಉದ್ದದ ಎಡಿಸ್ಟೊ, ಅಣೆಕಟ್ಟಿನ ತಡೆಯಿಲ್ಲದೆ ಹರಿಯುವ ಇಂಥ ಕರಿನೀರಿನ ಹೊಳೆಗಳಲ್ಲಿ ಉತ್ತರ ಅಮೆರಿಕದಲ್ಲೇ ಅತಿ ಉದ್ದದವುಗಳಲ್ಲಿ ಒಂದು. ಸೈಪ್ರೆಸ್ ಮರಗಳು ನೀರಿನಲ್ಲೇ ಬುಡ ಊರಿವೆ. ಬೇರು ಮೊಣಕಾಲು ಮಡಚಿದಂತೆ ನೀರಿನಿಂದ ಮೇಲೆದ್ದಿವೆ. ಕೊಂಬೆಗಳಿಂದ ಬೂದು ಬಣ್ಣದ ಸ್ಪ್ಯಾನಿಷ್ ಮಾಸ್ ಇಳಿಬಿದ್ದಿದೆ. ಆಕಾಶ, ಮರ, ಮಾಸ್ ಎಲ್ಲ ಆ ಕಪ್ಪು ನೀರಿನಲ್ಲಿ ಎಷ್ಟು ನಿಚ್ಚಳವಾಗಿ ತಲೆಕೆಳಗಾಗಿ ನಿಂತಿದ್ದವೆಂದರೆ ನಿಜವಾದ ದಂಡೆ ಯಾವುದೆಂಬ ಗೊಂದಲವಾಗುತ್ತಿತ್ತು. ಹೊಳೆ, ತೋಡುಗಳ ನಡುವೆ ಬೆಳೆದವನು ನಾನು, ಇಂಥದ್ದನ್ನು ಕಂಡವನಲ್ಲ.

ಗೋವನ್ ಹುಟ್ಟಿದ್ದು 1845ರ ಸುಮಾರಿಗೆ, ಗುಲಾಮನಾಗಿ. 1865ರಲ್ಲಿ ಬಿಡುಗಡೆ ಸಿಕ್ಕಾಗ ಇಪ್ಪತ್ತರ ತರುಣ. 1870ರ ಹೊತ್ತಿಗೆ ಈ ಹೊಳೆಯ ಕ್ಯಾನನ್ಸ್ ಬ್ರಿಜ್ ಬಳಿ ಒಂದು ಪಟ್ಟಿ ಜಾಗದಲ್ಲಿ ನೆಲೆಯೂರಿ, ಮರದ ಮನೆ ಕಟ್ಟಿ, ಅಂಗಳವನ್ನು ಒಪ್ಪವಾಗಿ ಗುಡಿಸಿ, ಬಂದವರಿಗೆ ಮೀನಿನೂಟ ಹಾಕತೊಡಗಿದ. ಅದನ್ನು ಕ್ಲಬ್ ಹೌಸ್ ಎಂದು ಕರೆಯುತ್ತಿದ್ದರು. ಮೀನಿನ ಸುಗ್ಗಿಯಲ್ಲಿ ಹೆಚ್ಚುಕಡಿಮೆ ದಿನವೂ ಅಲ್ಲಿ ಅತಿಥಿಗಳು: ರಾಜಕಾರಣಿಗಳು, ಊರ ದೊಡ್ಡ ಮನುಷ್ಯರು, ಬಿಳಿಯರ ಗುಂಪುಗಳು. ಹೊಳೆಯಲ್ಲಿ ಸಿಗುತ್ತಿದ್ದದ್ದು ರೆಡ್ ಹಾರ್ಸ್ ಎಂಬ ಮೀನು. ರೆಕ್ಕೆ ಕೆಂಪು, ಮುಳ್ಳು ವಿಪರೀತ. ಆ ಜಾತಿಯ ಮೀನಿನ ಮೈಗೆ ಒತ್ತೊತ್ತಾಗಿ ಕಚ್ಚು ಹಾಕಿ ಚೆನ್ನಾಗಿ ಕರಿದರೆ ಸಣ್ಣ ಮುಳ್ಳೆಲ್ಲ ಕುರುಕಲಾಗುತ್ತದೆ. ಮೀನು ಕರಿದ ಅದೇ ಹಂದಿಕೊಬ್ಬಿಗೆ ಗೋವನ್ ಜೋಳದ ಹಿಟ್ಟು, ನೀರು, ಉಪ್ಪು, ಮೊಟ್ಟೆ ಕಲಸಿದ್ದನ್ನು ಚಮಚದಲ್ಲಿ ಬಿಟ್ಟು ಕರಿಯುತ್ತಿದ್ದ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳ ಪತ್ರಿಕೆಗಳು ಅದನ್ನು ರೆಡ್ ಹಾರ್ಸ್ ಬ್ರೆಡ್ ಎಂದು ಬಾಯಿ ಚಪ್ಪರಿಸಿ ವರ್ಣಿಸಿವೆ. ಗೋವನ್ 1915ರಲ್ಲಿ ತೀರಿಕೊಂಡ. ಮುಂದಿನ ದಶಕಗಳಲ್ಲಿ ಅದೇ ತಿಂಡಿ ಜಾರ್ಜಿಯಾ, ಫ್ಲಾರಿಡಾ ಕಡೆಯ ಮೀನುಗಾರರ ಬಾಯಲ್ಲಿ ಹಷ್ ಪಪ್ಪಿಯಾಗಿ ತಿರುಗಿ ಬಂತು. ಮೀನು ಹೋಗಿ ನಾಯಿ ಸೇರಿತು. ಗೋವನ್‌ಗೆ ಮೊದಲು ಯಾರೂ ಹೀಗೆ ಕರಿದಿರಲಿಲ್ಲ ಎಂದು ರಾಬರ್ಟ್ ಮಾಸ್ ಅವರೇ ಹೇಳುವುದಿಲ್ಲ, ನಾನೂ ಹೇಳಲಾರೆ. ಆದರೆ ಕಾಗದದ ಮೇಲೆ ಹೆಸರಿರುವ ಮನುಷ್ಯ ಇವನು. ನಾಯಿಗಳಿಗೆ ಅದೂ ಇಲ್ಲ.

ಮೆಕ್ಕೆಜೋಳವೇ ಯಾಕೆ ಎಂದು ಕೇಳಿದರೆ ಉತ್ತರ ಸಿಹಿಯಲ್ಲ. ಈ ನೆಲದ ಮೂಲನಿವಾಸಿಗಳಿಂದ ಬಿಳಿಯರು ಕಲಿತ ಧಾನ್ಯ ಅದು. ತೋಟದ ಧಣಿಗಳು ಗುಲಾಮರಿಗೆ ಅಳೆದು ಕೊಡುತ್ತಿದ್ದದ್ದೂ ಅದೇ. ಗುಲಾಮಗಿರಿಯಿಂದ ಪಾರಾಗಿ ಬಂದ ಫ್ರೆಡರಿಕ್ ಡಗ್ಲಸ್ ತನ್ನ ಆತ್ಮಕತೆಯಲ್ಲಿ ಲೆಕ್ಕ ಕೊಟ್ಟಿದ್ದಾನೆ: ಒಬ್ಬ ವಯಸ್ಕನಿಗೆ ತಿಂಗಳಿಗೆ ಎಂಟು ಪೌಂಡ್ ಹಂದಿಮಾಂಸ ಇಲ್ಲವೇ ಮೀನು, ಒಂದು ಬುಶೆಲ್ ಜೋಳದ ಹಿಟ್ಟು. ಮೂಲನಿವಾಸಿಗಳು ಜೋಳವನ್ನು ಬೂದಿನೀರಿನಲ್ಲಿ ಬೇಯಿಸಿ ತಿನ್ನುತ್ತಿದ್ದರು, ಅದರಿಂದ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುತ್ತಿತ್ತು. ಹಿಟ್ಟನ್ನು ಮಾತ್ರ ತೆಗೆದುಕೊಂಡು ಬೂದಿಯನ್ನು ಬಿಟ್ಟ ದಕ್ಷಿಣದ ಬಡವರಿಗೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪೆಲಾಗ್ರ ಅಮರಿಕೊಂಡಿತು. ಚರ್ಮ ಸುಲಿದು, ಭೇದಿ ಹತ್ತಿ, ಬುದ್ಧಿ ಕೆಟ್ಟು ಜನ ಸತ್ತರು. 1914ರಲ್ಲಿ ಸರ್ಕಾರ ಕಳಿಸಿದ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ, ಇದು ಅಂಟುರೋಗವಲ್ಲ, ತಟ್ಟೆಯ ಬಡತನ ಎಂದು ತೋರಿಸಿಕೊಟ್ಟ. ಬಹಳ ಜನ ನಂಬಲಿಲ್ಲ. ತಮ್ಮ ನಾಡನ್ನು ಹಸಿದ ನಾಡು ಎಂದನಲ್ಲಾ ಎಂದು ಸಿಟ್ಟಾದರು. ನಮ್ಮ ದಾವಣಗೆರೆ, ಹಾವೇರಿಗಳ ಮೆಕ್ಕೆಜೋಳದಲ್ಲಿ ಬಹಳಷ್ಟು ಕೋಳಿ ಆಹಾರಕ್ಕೆ ಹೋಗುತ್ತದೆ, ಭಾವನ ಮನೆಯಲ್ಲೂ ಎಕರೆಗಟ್ಟಲೆ ಬೆಳೆಯುತ್ತಾರೆ. "ನಾವು ಬೆಳೆದದ್ದನ್ನ ನಾವೇ ತಿಂದದ್ದು ಅಮೆರಿಕಾಕ್ಕೆ ಬಂದ್ಮೇಲೇ" ಎಂದರು ಅವರು, ಹೊಳೆ ಕಡೆ ನೋಡುತ್ತ.

ಹಷ್ ಪಪ್ಪಿ ಹುಟ್ಟುವುದನ್ನು ಕಣ್ಣಾರೆ ನೋಡಿದ್ದು ಅಂದೇ ಮಧ್ಯಾಹ್ನ, ದಾರಿಯಲ್ಲಿ ಸಿಕ್ಕ ಒಂದು ಚರ್ಚಿನ ಹಿತ್ತಿಲಲ್ಲಿ. ಕಪ್ಪು ಸಮುದಾಯದ ಚರ್ಚು, ಶನಿವಾರದ ಮೀನೂಟ, ಚಾವಣಿ ರಿಪೇರಿಗೆ ಹಣ ಕೂಡಿಸುವುದಕ್ಕೆ. ರಸ್ತೆ ಬದಿಯಲ್ಲಿ ರಟ್ಟಿನ ಫಲಕ ಕಂಡು ನಾನೇ ಕಾರು ನಿಲ್ಲಿಸಲು ಹೇಳಿದೆ. ಬಯಲಲ್ಲಿ ಗ್ಯಾಸ್ ಒಲೆಗಳು, ಅವುಗಳ ಮೇಲೆ ಹೆಬ್ಬೆರಳು ದಪ್ಪದ ಬೀಡು ಕಬ್ಬಿಣದ ಪಾತ್ರೆಗಳು. ಎಪ್ಪತ್ತು ದಾಟಿರಬಹುದಾದ ಒಬ್ಬ ಅಜ್ಜಿ ಒಂದು ಪಾತ್ರೆಯ ಯಜಮಾನಿ. ಹಿಟ್ಟು ಕಲಸಿ ಹತ್ತು ನಿಮಿಷ ಮುಚ್ಚಿಟ್ಟಿದ್ದಳು, ಜೋಳದ ರವೆ ಮಜ್ಜಿಗೆ ಕುಡಿದು ಉಬ್ಬಲಿ ಎಂದು. ಚಮಚ ಓರೆಮಾಡಿದರೆ ಹಿಟ್ಟು ಹರಿಯಬಾರದು, ಬೀಳಬೇಕು. ಥರ್ಮಾಮೀಟರ್ ಇಲ್ಲ. ಒಂದು ಚಿಟಿಕೆ ಹಿಟ್ಟು ಹಾಕಿ, ಅದು ಮುಳುಗಿ ಎಷ್ಟು ಬೇಗ ಮೇಲೆದ್ದಿತೆಂದು ನೋಡಿ ಉರಿ ತಗ್ಗಿಸಿದಳು. ಪಾಕಪುಸ್ತಕಗಳು 180ರಿಂದ 190 ಡಿಗ್ರಿ ಸೆಲ್ಸಿಯಸ್ ಎನ್ನುತ್ತವೆ. ಅದಕ್ಕಿಂತ ಕಡಿಮೆಯಾದರೆ ಎಣ್ಣೆ ಕುಡಿಯುತ್ತದೆ, ಜಾಸ್ತಿಯಾದರೆ ಹೊರಗೆ ಕಪ್ಪು, ಒಳಗೆ ಹಸಿ.

ಎರಡು ಚಮಚ. ಒಂದನ್ನು ಎಣ್ಣೆಯಲ್ಲಿ ಅದ್ದಿ ಹಿಟ್ಟು ಎತ್ತಿದಳು, ಇನ್ನೊಂದರ ಬೆನ್ನಿನಿಂದ ತಳ್ಳಿದಳು. ಹಿಟ್ಟು ಬಾಲ ಎಳೆದುಕೊಂಡೇ ಎಣ್ಣೆಗೆ ಬಿತ್ತು. ಒಂದು ಕ್ಷಣ ಕಾಣೆಯಾಗಿ, ಸುತ್ತ ನೊರೆ ಎಬ್ಬಿಸಿಕೊಂಡು ಮೇಲೆ ಬಂತು. ನಾನು ಅಭ್ಯಾಸಬಲದಿಂದ, ಜಾಲರಿ ಸೌಟು ಹತ್ತಿರದಲ್ಲೇ ಇತ್ತಲ್ಲ, ಮಗುಚೋಣವೆಂದು ಕೈ ಚಾಚಿದೆ. "ಬೇಡ ಹನಿ, ಮುಟ್ಟಬೇಡ. ಯಾವಾಗ ಹೊರಳಬೇಕು ಅಂತ ಅದಕ್ಕೆ ಗೊತ್ತು" ಎಂದಳು ಅಜ್ಜಿ. ಕಣ್ಣು ಕೀಲಿಸಿ ನಿಂತೆ. ಕೆಳಭಾಗ ಬೆಂದು ಉಬ್ಬಿ ಹಗುರಾಗುತ್ತ ಬಂತು, ಮೇಲಿನ ಹಸಿ ಹಿಟ್ಟು ಭಾರವಾಗಿಯೇ ಉಳಿಯಿತು. ಉಂಡೆ ಸ್ವಲ್ಪ ಓಲಾಡಿತು, ನಿಂತಿತು, ಮತ್ತೆ ಓಲಾಡಿ, ಯಾರೂ ಮುಟ್ಟದೆ, ತಾನೇ ಉರುಳಿ ಮಗುಚಿಕೊಂಡಿತು. ಮೇಲೆ ಬಂದ ಹೊಟ್ಟೆ ಹೊಂಗಂದು. ಪಕ್ಕದ್ದೂ ಉರುಳಿತು, ಅದರಾಚೆಯದೂ. ಕೆಲವೇ ಕ್ಷಣಗಳಲ್ಲಿ ಇಡೀ ಪಾತ್ರೆ ಒಂದರ ಹಿಂದೊಂದು ಮಗ್ಗುಲು ಬದಲಿಸಿತು. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಅಜ್ಜಿ ನನ್ನನ್ನು ನೋಡಿ ನಗುತ್ತಿದ್ದಳು.

ಯಾರಿಂದ ಕಲಿತಿರಿ ಎಂದು ಕೇಳಿದೆ. ಅಮ್ಮನಿಂದ. ಅಮ್ಮ? ಅವಳ ಅಮ್ಮನಿಂದ. ರೋಮಿಯೊ ಗೋವನ್ ಹೆಸರು ಕೇಳಿದ್ದೀರಾ? ಆಕೆ ಕೇಳಿರಲಿಲ್ಲ. ಹೊಳೆ ದಂಡೆಯ ಆ ಮನೆ, ಗುಡಿಸಿದ ಅಂಗಳ, ಗಣ್ಯರ ಪಂಕ್ತಿ ಎಲ್ಲ ಹೇಳಿದೆ. ಚಮಚ ಬಿಡದೆಯೇ ಕೇಳಿಸಿಕೊಂಡಳು. "ಗುಡಿಸಿದ ಅಂಗಳ ಅಂದೆಯಲ್ಲ, ನಮ್ಮ ಅಜ್ಜಿ ಮನೇಲೂ ಹಾಗೇ. ಒಂದು ಹುಲ್ಲು ಕಡ್ಡಿ ಇರ್ತಿರಲಿಲ್ಲ" ಎಂದಳು. ಹೆಸರನ್ನು ಮತ್ತೊಮ್ಮೆ ಹೇಳಿಸಿಕೊಂಡಳು. ಸಕ್ಕರೆ ಹಾಕುತ್ತೀರಾ ಎಂದು ಕೇಳಿದ್ದಕ್ಕೆ, ಕೇಕ್ ಬೇಕಾದರೆ ಆ ಮೇಜಿನ ಮೇಲಿದೆ ಎಂದಳು. ಭಾವನಿಗೆ ಮಾತ್ರ ಇಲ್ಲಿ ಕೇಕೇ ಗತಿಯಾಯಿತು, ಮೀನಿಗೂ ಹಷ್ ಪಪ್ಪಿಗೂ ಒಂದೇ ಎಣ್ಣೆ.

ಆ ಕಡೆ ಹೋಗುವವರಿಗೆ ಎರಡು ಮಾತು. ಸಸ್ಯಾಹಾರಿಗಳು ಎಣ್ಣೆಯ ವಿಷಯ ವಿಚಾರಿಸಿಯೇ ತಿನ್ನಿ, ಮೀನಿನ ಹೋಟೆಲುಗಳಲ್ಲಿ ಬಾಣಲೆ ಒಂದೇ ಇರುವುದೇ ಹೆಚ್ಚು. ಕೆಲವರು ಹಿಟ್ಟಿಗೇ ಬೇಕನ್ ಕೊಬ್ಬು ಸೇರಿಸುತ್ತಾರೆ, ಅದನ್ನೂ ಕೇಳಿ. ಬಾರ್ಬೆಕ್ಯೂ ಜಾತ್ರೆ ಬೇಕಿದ್ದರೆ ಅಕ್ಟೋಬರಿಗೆ ಲೆಕ್ಸಿಂಗ್ಟನ್, ರಾಜಧಾನಿ ಎಂಬ ಫಲಕ ಬೇಕಿದ್ದರೆ ಕ್ಯಾಲಬಾಶ್. ತಿಂಡಿಯೇ ಬೇಕಿದ್ದರೆ ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯಿರಿ, ರಟ್ಟಿನ ಫಲಕ ಕಂಡಲ್ಲಿ ನಿಲ್ಲಿಸಿ. ಪಕ್ಕದಲ್ಲಿ ಕೂತವರು ನಾಯಿಯ ಕತೆ ತೆಗೆದರೆ ಪೂರ್ತಿ ಕೇಳಿಸಿಕೊಳ್ಳಿ, ಚೆನ್ನಾಗಿಯೇ ಹೇಳುತ್ತಾರೆ. ಮುಗಿದ ಮೇಲೆ ಬ್ಯಾಂಬರ್ಗಿನ ರೋಮಿಯೊ ಗೋವನ್ ಹೆಸರನ್ನೂ ಒಮ್ಮೆ ಹೇಳಿ.